ವರ್ಣಮಾಲೆಯನ್ನು ಮರೆಸಿ ಕಲಿಸುವ ಇಂಗ್ಲಿಷು

ಇಂಗ್ಲಿಷ್ ಉಚ್ಚಾರಣೆಯನ್ನು ತಿದ್ದುವ ವ್ಯಾಪಾರದಲ್ಲಿ ‘ಎಂ.ಟಿ.ಐ.’ ಎಂಬ ಮಾತು ಬಹಳ ಚಲಾವಣೆಯಲ್ಲಿದೆ. ತಾಯ್ನುಡಿಯ ಪ್ರಭಾವ ಎಂದು ಅದರ ಅರ್ಥ; ಆಡುವ ಧಾಟಿ ಮಾತ್ರ ರೋಗದ ಹೆಸರು ಹೇಳುವಂಥದು. ಕಾಲ್ ಸೆಂಟರುಗಳ ತರಬೇತಿಯಲ್ಲಿ ಬಳಕೆಯಾಗುವ ಈ ಮಾತು ಸ್ಪೋಕನ್ ಇಂಗ್ಲಿಷ್ ತರಗತಿಗಳನ್ನು ದಾಟಿ ಈಗ ನಮ್ಮ ಮನೆಗಳನ್ನೂ ಹೊಕ್ಕಿದೆ. ಕಾಮೋಠೆ, ಖಾರ್‌ಘರ್, ಪನ್ವೇಲ್‌ಗಳ ಕನ್ನಡ ಕುಟುಂಬಗಳಲ್ಲಿ ‘ಮೊದಲು ಇಂಗ್ಲಿಷ್ ನಾಲಗೆಗೆ ಹತ್ತಲಿ, ಅ ಆ ಇ ಈ ಆಮೇಲೆ ನೋಡೋಣ’ ಎನ್ನುವುದನ್ನು ಕೇಳುತ್ತೇವೆ. ಆ ‘ಆಮೇಲೆ’ ಬರುವುದು ಅಪರೂಪ. ಕನ್ನಡದ ಮೇಲಣ ಅಭಿಮಾನವನ್ನು ಬದಿಗಿಟ್ಟು ಬರಿಯ ಧ್ವನಿಶಾಸ್ತ್ರದ ದೃಷ್ಟಿಯಿಂದ ನೋಡಿದರೂ ಈ ತೀರ್ಮಾನ ತಪ್ಪು ಎಂಬುದು ನಮ್ಮ ವಾದ.

ಇಂಗ್ಲಿಷಿನ 24 ವ್ಯಂಜನಧ್ವನಿಗಳನ್ನು ವಿದ್ವಾಂಸರು ಮೂರು ಪ್ರಶ್ನೆಗಳಿಂದ ವಿಂಗಡಿಸುತ್ತಾರೆ. ಬಾಯಿಯ ಯಾವ ಸ್ಥಾನದಲ್ಲಿ ಉಸಿರಿಗೆ ತಡೆ? ಆ ತಡೆ ಪೂರ್ಣವೋ, ಉಸಿರು ಉಜ್ಜಿಕೊಂಡು ಹೊರಡುವಷ್ಟು ಸಂದಿಯುಳ್ಳದ್ದೋ, ಮೂಗಿನ ದಾರಿ ತೆರೆದದ್ದೋ? ಕೊರಳಿನ ನಾದತಂತುಗಳು ಕಂಪಿಸುತ್ತವೆಯೇ? ಈ ಪ್ರಶ್ನೆಗಳಿಗೆ ಉತ್ತರ ನಮ್ಮ ಮಕ್ಕಳ ಮಗ್ಗಿಪುಸ್ತಕದಲ್ಲಿಯೇ ಇದೆ. ಕ, ಚ, ಟ, ತ, ಪ ಎಂದು ಮೇಲಿನಿಂದ ಕೆಳಕ್ಕೆ ಓದಿದರೆ ತಡೆಯ ಸ್ಥಾನ ಗಂಟಲ ಕಡೆಯಿಂದ ತುಟಿಯವರೆಗೆ ಸರಿದು ಬರುತ್ತದೆ. ಕ, ಖ, ಗ, ಘ, ಙ ಎಂದು ಅಡ್ಡಲಾಗಿ ಓದಿದರೆ ಅಘೋಷ, ಘೋಷ, ಅಲ್ಪಪ್ರಾಣ, ಮಹಾಪ್ರಾಣ, ಅನುನಾಸಿಕಗಳ ಭೇದ ತಿಳಿಯುತ್ತದೆ. ಎ, ಬಿ, ಸಿ, ಡಿಯ ಸಾಲಿನಲ್ಲಿ ಇಂಥ ಯಾವ ಕ್ರಮವೂ ಇಲ್ಲ. ನಾಭಿಯಿಂದ ಏಳುವ ಗಾಳಿ ಕಹಳೆಯ ರೀತಿಯಲ್ಲಿ ಶಬ್ದವಾಗುವುದನ್ನು 13ನೆಯ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ವಿವರಿಸಿದ್ದಾನೆ. ಪ್ರಾಚೀನ ಭಾರತದ ಧ್ವನಿಶಾಸ್ತ್ರವನ್ನು ಕುರಿತು ಡಬ್ಲ್ಯು. ಎಸ್. ಆಲನ್ 1953ರಲ್ಲಿ ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನೇ ಬರೆದರು. ಪರರು ಗೌರವಿಸಿ ಅಭ್ಯಾಸ ಮಾಡಿದ್ದನ್ನು ನಾವು ಇಂಗ್ಲಿಷಿಗೆ ಅಡ್ಡಿಯೆಂದು ಅಟ್ಟಕ್ಕೆ ಎಸೆಯುತ್ತಿದ್ದೇವೆ.

ಅಕ್ಷರವನ್ನೇ ಧ್ವನಿಯೆಂದು ಕಲಿತ ಮಗುವಿನ ಪಾಡು ಏನು? ‘ಟಿ’ ಮತ್ತು ‘ಎಚ್’ ಜೋಡಿಯನ್ನು ನೋಡೋಣ. ಕಾಮೋಠೆ, ಠಾಣೆಗಳ ಫಲಕಗಳಲ್ಲಿ ಅದು ಠಕಾರ. ನಮ್ಮ ಗೀತಾ, ಸವಿತಾ ಎಂಬ ಹೆಸರುಗಳಲ್ಲಿ ತಕಾರ. ಮರಾಠಿ ಗೀತಾ, ಸವಿತಾರಿಗೆ ಆ ‘ಎಚ್’ ಬೇಕಿಲ್ಲ. ‘ಥಿಂಕ್’ ಎನ್ನುವಲ್ಲಿ ನಾಲಗೆಯ ತುದಿ ಹಲ್ಲಿಗೆ ತಾಗಿ, ಸಂದಿಯಲ್ಲಿ ಉಸಿರು ಉಜ್ಜಿ ಹೊರಡುವ ಅಘೋಷ. ‘ದಿಸ್’ ಎನ್ನುವಲ್ಲಿ ಅದೇ ಸ್ಥಾನದ ಘೋಷ. ನಾವು ಥೇಮ್ಸ್ ಎಂದು ಓದುವ ನದಿಯನ್ನು ಇಂಗ್ಲಿಷರು ‘ಟೆಮ್ಸ್’ ಎನ್ನುತ್ತಾರೆ. ಈ ಗೊಂದಲಕ್ಕೆ ಅನುಕರಣೆ ಮದ್ದಲ್ಲ. ಸ್ಥಾನ, ಪ್ರಯತ್ನ, ಘೋಷಗಳ ಅರಿವೇ ಮದ್ದು.

ನಮ್ಮ ವರ್ಣಮಾಲೆಯಲ್ಲಿ ಜಗತ್ತಿನ ಎಲ್ಲ ಧ್ವನಿಗಳೂ ಇವೆಯೆಂದು ವೇದಿಕೆಗಳಲ್ಲಿ ಬೀಗುವವರನ್ನೂ ನಾವು ಒಪ್ಪುವುದಿಲ್ಲ. ಫಕಾರ ಮೂಲತಃ ಎರಡೂ ತುಟಿ ಸೇರಿ ಹುಟ್ಟುವ ಮಹಾಪ್ರಾಣ. ‘ಫ್ಯಾನ್’ ಎನ್ನಲು ಮೇಲ್ಹಲ್ಲು ಕೆಳತುಟಿಗೆ ತಾಗಬೇಕು. ‘ವೆಸ್ಟ್’ ಎಂಬ ಒಂದೇ ಬರಹದಲ್ಲಿ ಅವರ ಎರಡು ಪದಗಳಿವೆ: ಪಶ್ಚಿಮವೆನ್ನಲು ತುಟಿ ದುಂಡಗಾಗಬೇಕು, ಒಳಅಂಗಿಯೆನ್ನಲು ಹಲ್ಲು ತುಟಿಯನ್ನು ಮುಟ್ಟಬೇಕು. ಅವರ ‘ಟೀ’ ನಮ್ಮ ತಕಾರವೂ ಅಲ್ಲ, ಟಕಾರವೂ ಅಲ್ಲ. ನಾಲಗೆ ಅವೆರಡರ ನಡುವೆ, ಮೇಲ್ಹಲ್ಲಿನ ಹಿಂದಿನ ದಿಣ್ಣೆಗೆ ತಾಗುತ್ತದೆ. ಆದರೆ ಈ ಕೊರತೆಗಳನ್ನು ಕಂಡುಕೊಳ್ಳುವ ಭಾಷೆಯನ್ನೂ ವರ್ಣಮಾಲೆಯೇ ಕೊಡುತ್ತದೆ. ‘ಸ್’ ಎಂದು ಎಳೆಯುತ್ತಾ ಕೊರಳಿಗೆ ನಾದ ಕೊಟ್ಟರೆ ‘ಝೂ’ ಎಂದು ನಾವು ಬರೆಯುವ ಪದದ ಮೊದಲ ಧ್ವನಿ ಸಿಕ್ಕಿತು. ನವಿ ಮುಂಬಯಿಯ ಮಗುವಿಗೆ ಇದು ಇನ್ನೂ ಸುಲಭ: ಮರಾಠಿಯ ‘ಜೀವ’, ‘ಜಾಗಾ’ಗಳ ಮೊದಲ ಅಕ್ಷರ ಒಂದೇ, ಧ್ವನಿ ಎರಡು, ‘ಜಾಗಾ’ದ ಧ್ವನಿ ಇದಕ್ಕೆ ಹತ್ತಿರದ್ದು.

ಇನ್ನೊಂದು ವಿಶೇಷ. ಇಂಗ್ಲಿಷರು ‘ಪಿನ್’ ಎನ್ನುವಾಗ ಪಕಾರ ಮಹಾಪ್ರಾಣಕ್ಕೆ ಹತ್ತಿರ. ‘ಸ್ಪಿನ್’ ಎನ್ನುವಾಗ ಅಲ್ಪಪ್ರಾಣ. ಅವರಲ್ಲಿ ಹೆಚ್ಚಿನವರಿಗೆ ಈ ಭೇದದ ಅರಿವಿರುವುದಿಲ್ಲ. ಪ, ಫಗಳನ್ನು ಬೇರೆ ಬೇರೆಯಾಗಿ ಕಲಿತ ಮಗು ಅದನ್ನು ಗುರುತಿಸಬಲ್ಲದು.

ಆದ್ದರಿಂದ ಉಚ್ಚಾರಣೆಯ ಶುಲ್ಕ ಕಟ್ಟುವ ತಂದೆತಾಯಿಯರು ತರಗತಿಯವರನ್ನು ಮೊದಲು ಕೇಳಬೇಕಾದ ಪ್ರಶ್ನೆ ಇದು: ನಮ್ಮ ಮಗುವಿನ ಯಾವ ಧ್ವನಿ ತಪ್ಪು, ನಾಲಗೆ ಎಲ್ಲಿರಬೇಕಿತ್ತು, ಎಲ್ಲಿದೆ? ಉತ್ತರ ಹೇಳಲಾಗದೆ ತಾಯ್ನುಡಿಯನ್ನು ದೂರುವವರು ಮಾರುತ್ತಿರುವುದು ಬರಿಯ ಅಣಕು. ಕನ್ನಡ ಕಲಿಸುವ ನಮ್ಮ ಸಂಘಗಳಿಗೂ ಹೊಣೆಯುಂಟು. ವರ್ಗಾಕ್ಷರಗಳನ್ನು ಗಿಳಿಪಾಠ ಮಾಡಿಸದೆ, ಕೊರಳ ಮೇಲೆ ಬೆರಳಿಡಿಸಿ, ಕನ್ನಡಿ ಹಿಡಿಸಿ ಕಲಿಸಲಿ. ಹಾಗೆ ಕಲಿತ ಮಗುವಿಗೆ ಕನ್ನಡದ ಓದೂ ಉಳಿಯುತ್ತದೆ, ಇಂಗ್ಲಿಷಿನ ಉಚ್ಚಾರಣೆಯೂ ತಿಳಿದು ಬರುತ್ತದೆ.