ಪ್ರಯಾಣದ ಲೆಕ್ಕ ಮನೆಯಲ್ಲೇ ಆಗಲಿ

ದಸರಾ ರಜೆಗೆ ಇನ್ನು ಎಂಟೇ ದಿನ. ಬೆಂಗಳೂರಿನ ಒಂದು ಮನೆಯಿಂದ ಅಪ್ಪ, ಅಮ್ಮ, ಅಜ್ಜಿ, ಒಂಬತ್ತನೆಯ ತರಗತಿಯ ಮಗ, ಆರನೆಯ ತರಗತಿಯ ಮಗಳು ಹೀಗೆ ಐದು ಮಂದಿ ಹುಬ್ಬಳ್ಳಿಗೆ ಹೊರಟಿದ್ದಾರೆ ಎಂದಿಟ್ಟುಕೊಳ್ಳಿ. ರೈಲಿನಲ್ಲಿ ವೇಟಿಂಗ್ ಲಿಸ್ಟ್. ಖಾಸಗಿ ಬಸ್ಸಿನವರು ಹಬ್ಬದ ದರ ಹೇಳುತ್ತಿದ್ದಾರೆ. ಅಪ್ಪ ಬೇಸತ್ತು, "ಹೋಗಲಿ, ಬಾಡಿಗೆ ಕಾರೇ ಮಾಡೋಣ" ಎನ್ನುತ್ತಾರೆ. ಮಗನ ಟ್ಯೂಷನ್ ಫೀಸಿಗೆಂದು ಎತ್ತಿಟ್ಟ ಹಣ ಆ ಒಂದು ಮಾತಿಗೆ ಕರಗುತ್ತದೆ. ಈ ನಷ್ಟ ರಸ್ತೆಯಲ್ಲಿ ಆದದ್ದಲ್ಲ. ಎರಡು ತಿಂಗಳ ಹಿಂದೆ ಕ್ಯಾಲೆಂಡರ್ ನೋಡದೆ ಬಿಟ್ಟಾಗಲೇ ಆದದ್ದು.

ರೈಲಿನ ಮುಂಗಡ ಬುಕಿಂಗ್ ಅವಧಿ ಮೊದಲು 120 ದಿನವಿತ್ತು. 2024ರ ನವೆಂಬರ್ 1ರಿಂದ ಅದು 60 ದಿನಕ್ಕೆ ಇಳಿದಿದೆ. ಪ್ರಯಾಣದ ದಿನವನ್ನು ಬಿಟ್ಟು ಹಿಂದಕ್ಕೆ ಎಣಿಸಬೇಕು. ಅಕ್ಟೋಬರ್ 10ಕ್ಕೆ ಹೊರಡುವುದಾದರೆ ಆಗಸ್ಟ್ 11ರ ಬೆಳಗ್ಗೆ 8 ಗಂಟೆಗೆ ಬುಕಿಂಗ್ ತೆರೆಯುತ್ತದೆ. 18ಕ್ಕೆ ಮರಳುವುದಾದರೆ ಆಗಸ್ಟ್ 19ಕ್ಕೆ. ಹೋಗುವ ಟಿಕೆಟ್ ಮಾಡಿಸಿ, ಬರುವ ಟಿಕೆಟ್ ಮರೆಯುವವರೇ ಹೆಚ್ಚು. ಆಮೇಲೆ ತತ್ಕಾಲ್‌ಗೆ ಹೋದರೆ ಹೆಚ್ಚುವರಿ ಶುಲ್ಕ ತೆರಬೇಕು; ಖಚಿತವಾದ ತತ್ಕಾಲ್ ಟಿಕೆಟನ್ನು ನಾವಾಗಿ ರದ್ದು ಮಾಡಿದರೆ ಹಣವೂ ಬಾರದು. ಆನ್‌ಲೈನ್ ತತ್ಕಾಲ್‌ಗೆ 2025ರ ಜುಲೈ 1ರಿಂದ ಆಧಾರ್ ದೃಢೀಕರಿಸಿದ ಖಾತೆಯೇ ಬೇಕು. ಆ ಕೆಲಸವನ್ನೂ ಬಿಡುವಿದ್ದಾಗ ಮುಗಿಸಿಕೊಂಡಿದ್ದರೆ ಒಳಿತು.

ಇನ್ನು ವಯಸ್ಸಿನ ಲೆಕ್ಕ. ಬರ್ತ್ ಕೇಳದಿದ್ದರೆ ಐದು ವರ್ಷದೊಳಗಿನ ಮಗುವಿಗೆ ಟಿಕೆಟ್ ಬೇಡ. ಐದು ತುಂಬಿ ಹನ್ನೆರಡು ತುಂಬದ ಮಕ್ಕಳಿಗೆ ಸ್ಲೀಪರ್‌ನಂಥ ದರ್ಜೆಗಳಲ್ಲಿ ಪ್ರತ್ಯೇಕ ಬರ್ತ್ ಬೇಡವೆಂದರೆ ಅರ್ಧ ದರ, ಬೇಕೆಂದರೆ ಪೂರ್ತಿ ದರ. ಇದು 2016ರ ಏಪ್ರಿಲ್‌ನಿಂದ ಬಂದ ನಿಯಮ. ಹನ್ನೊಂದು ವರ್ಷದ ಮಗಳು ಒಂದು ರಾತ್ರಿ ಅಮ್ಮನ ಬರ್ತ್ ಹಂಚಿಕೊಂಡಾಳೇ ಎಂಬುದನ್ನು ಮನೆಯಲ್ಲೇ ತೀರ್ಮಾನಿಸಬೇಕು, ರೈಲಿನಲ್ಲಿ ಅಲ್ಲ. ಹಿರಿಯರ ಕೆಳಬರ್ತ್ ಕೋಟಾ ಸಿಗುವುದು ಟಿಕೆಟಿನಲ್ಲಿ ಒಬ್ಬರು ಅಥವಾ ಇಬ್ಬರು ಇದ್ದಾಗ. ಐವರ ಹೆಸರನ್ನೂ ಒಂದೇ ಟಿಕೆಟಿಗೆ ತುಂಬಿಸಿದರೆ ಅಜ್ಜಿಗೆ ಆ ಅನುಕೂಲ ತಪ್ಪುತ್ತದೆ. ಹಾಸ್ಟೆಲಿನಲ್ಲಿದ್ದು ಓದುವ ಮಕ್ಕಳು ಸ್ವಂತ ಊರಿಗೆ ಬರುವಾಗ ಎರಡನೇ ದರ್ಜೆ ಮತ್ತು ಸ್ಲೀಪರ್‌ನಲ್ಲಿ ರಿಯಾಯಿತಿ ಪಡೆಯಬಹುದು. ಶಾಲಾ ಮುಖ್ಯಸ್ಥರ ಪ್ರಮಾಣಪತ್ರ ಹಿಡಿದು ರೈಲ್ವೆ ಕೌಂಟರಿಗೇ ಹೋಗಬೇಕು. ರಜೆಗೆ ಮುಂಚೆಯೇ ಕೇಳಿ ಪಡೆಯುವವರು ಕಡಿಮೆ.

ನಿಲ್ದಾಣದ ಹೆಸರನ್ನೂ ಓದಿಕೊಳ್ಳಬೇಕು. ಬೆಂಗಳೂರಿನ ರೈಲುಗಳೆಲ್ಲ ಮೆಜೆಸ್ಟಿಕ್‌ನಿಂದ ಹೊರಡುವುದಿಲ್ಲ. ಕೆಲವು ಯಶವಂತಪುರದಿಂದ, ಕೆಲವು ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ. ಟಿಕೆಟಿನಲ್ಲಿ ಉಳಿಸಿದ್ದನ್ನು ಆಟೊಗೆ ಕೊಟ್ಟರೆ ಉಳಿತಾಯವೆಲ್ಲಿ ಬಂತು?

ರೈಲು ಸಿಗದಿದ್ದರೆ ಸರ್ಕಾರಿ ಬಸ್ಸಿದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ಕರ್ನಾಟಕದ ಮಹಿಳೆಯರಿಗೆ ರಾಜ್ಯದೊಳಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಪ್ರಯಾಣ ಉಚಿತ. ರಾಜಹಂಸ, ಐರಾವತದಂಥ ಐಷಾರಾಮಿ ಬಸ್ಸುಗಳಿಗೆ ಇದು ಅನ್ವಯಿಸದು. ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ಜೊತೆಗಿರಬೇಕು. ಅಂದರೆ ಈ ಐವರಲ್ಲಿ ಟಿಕೆಟ್ ಬೇಕಾದವರು ಅಪ್ಪ, ಮಗ ಇಬ್ಬರೇ.

ಸ್ವಂತ ಕಾರಿದ್ದರೆ? ಹುಬ್ಬಳ್ಳಿಗೆ ಹೋಗಿ ಬರಲು ಸುಮಾರು 820 ಕಿ.ಮೀ. ಲೀಟರಿಗೆ 16 ಕಿ.ಮೀ. ಓಡುವ ಕಾರಿಗೆ ಸುಮಾರು 51 ಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ 100 ರೂ. ಎಂದು ಹಿಡಿದರೂ 5,100 ರೂ.; ಟೋಲ್ ಬೇರೆ. ಐವರಿಗೆ ಹಂಚಿದರೆ ತಲೆಗೆ ಸಾವಿರ ಚಿಲ್ಲರೆ, ಇಬ್ಬರೇ ಹೋದರೆ ಎರಡೂವರೆ ಸಾವಿರ. ಬಸ್ಸಿನ ಖರ್ಚು ತಲೆಗೆ ಲೆಕ್ಕ, ಕಾರಿನ ಖರ್ಚು ಗಾಡಿಗೆ ಲೆಕ್ಕ. ಈ ವ್ಯತ್ಯಾಸ ತಿಳಿದರೆ ಅರ್ಧ ಗೊಂದಲ ಕಳೆಯಿತು.

ಕಾರಿನಲ್ಲೇ ಹೋಗುವವರಿಗೆ ವಿಜ್ಞಾನದ ತರಗತಿಯ ಪಾಠವೊಂದು ನೆರವಾದೀತು. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 80 ಕಿ.ಮೀ. ಬದಲು 100ರಲ್ಲಿ ಓಡಿಸಿದರೆ ವೇಗ ಹೆಚ್ಚುವುದು ಕಾಲುಪಾಲು. ಗಾಳಿಯ ತಡೆ ಮಾತ್ರ ಒಂದೂವರೆ ಪಟ್ಟು ಮೀರುತ್ತದೆ. ಛಾವಣಿಯ ಮೇಲೆ ಹೇರಿದ ಸಾಮಾನೂ, ಗಾಳಿ ಕಡಿಮೆಯಾದ ಟೈರೂ ಪೆಟ್ರೋಲನ್ನೇ ಕುಡಿಯುತ್ತವೆ. ಹೊರಡುವ ಮುನ್ನ, ಟೈರು ತಣ್ಣಗಿರುವಾಗ ಗಾಳಿ ನೋಡಿಸುವುದು ಒಳ್ಳೆಯದು.

ಈ ಲೆಕ್ಕವನ್ನೆಲ್ಲ ಅಪ್ಪನೊಬ್ಬನೇ ಮಾಡಬೇಕಾಗಿಲ್ಲ. ಒಂಬತ್ತನೆಯ ತರಗತಿಯ ಮಗನ ಕೈಗೆ ಒಂದು ಹಾಳೆ ಕೊಡಿ. ರೈಲು, ಬಸ್ಸು, ಕಾರು ಎಂದು ಮೂರು ಕಾಲಂ ಗೀಚಲಿ. ಮನೆಯ ಬಾಗಿಲಿನಿಂದ ಅಜ್ಜಿಯ ಊರಿನ ಬಾಗಿಲವರೆಗೆ ಆಟೊ, ಊಟ, ಹಿಡಿಯುವ ಸಮಯ ಎಲ್ಲವನ್ನೂ ಬರೆದು ಕೂಡಲಿ. 60 ದಿನ ಹಿಂದಕ್ಕೆ ಎಣಿಸಿ ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಕೆಲಸ ಮಗಳಿಗಿರಲಿ. ಮುಂದಿನ ರಜೆಗೆ ಇಂದೇ ಶುರು ಮಾಡಬಹುದು.