ಪಾಯಾ ತೋಡುವ ಮೊದಲೇ ಕರಾರು ಬರೆಯಿರಿ

ಹೊಸರಿತ್ತಿ ಮತ್ತು ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ತಾಲ್ಲೂಕುಗಳ ಮನೆ ಕಟ್ಟಿಸುವವರಿಗೆ, ಗೌಂಡಿಗಳಿಗೆ, ಗುತ್ತಿಗೆದಾರರಿಗೆ ಒಬ್ಬ ವಕೀಲನ ಮನವಿ



ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಮಾರಿದ ದುಡ್ಡು ಕೈಗೆ ಬಂದರೆ ನಮ್ಮ ಕಡೆ ಮನೆ ಕೆಲಸ ಶುರು. ಮಳೆಗಾಲದೊಳಗೆ ಸ್ಲ್ಯಾಬ್ ಬೀಳಬೇಕೆಂಬ ಅವಸರ. ಮಾತುಕತೆ ಕಟ್ಟೆಯ ಮೇಲೆಯೇ ಮುಗಿಯುತ್ತದೆ: "ಚದರಕ್ಕ ಇಷ್ಟು, ಆತಿಲ್ಲೋ ಮೇಸ್ತ್ರಿ?" "ಆತ್ರಿ ಗೌಡ್ರ." ಹೊಲ ಕೊಳ್ಳುವಾಗ ಉತಾರ, ಚಕ್ಕುಬಂದಿ ನೋಡದೆ ಮುಂಗಡ ಕೊಡದ ನಾವು, ಹೊಲದಷ್ಟೇ ಬೆಲೆಯ ಮನೆಗೆ ಒಂದು ಹಾಳೆಯನ್ನೂ ಬರೆಯುವುದಿಲ್ಲ.

ಜಗಳ ಹುಟ್ಟುವುದು ಆ ಚದರದಲ್ಲೇ. 30×40 ಅಡಿಯ ಮನೆ ಎಂದರೆ 12 ಚದರ. ಸುತ್ತ ಎರಡಡಿ ಸಜ್ಜಾ ಹೊರಬಂದಿದೆ. ಗೌಂಡಿ ಸಜ್ಜಾದ ಅಂಚಿನಿಂದ ಟೇಪು ಹಿಡಿದರೆ ಅದು 15 ಚದರದ ಹತ್ತಿರ ಬರುತ್ತದೆ. ಚದರಕ್ಕೆ ಮೂವತ್ತು ಸಾವಿರ ಎಂದು ಹಿಡಿಯಿರಿ, ಸುಮಾರು ತೊಂಬತ್ತು ಸಾವಿರದ ವ್ಯತ್ಯಾಸ. ಇಬ್ಬರಲ್ಲಿ ಯಾರೂ ಸುಳ್ಳುಗಾರರಲ್ಲ. ಅಳತೆ ಎಲ್ಲಿಂದ ಎಲ್ಲಿಗೆ, ಮೆಟ್ಟಿಲು, ನೀರಿನ ತೊಟ್ಟಿ, ಶೌಚದ ಗುಂಡಿ ಆ ದರದೊಳಗೋ ಹೊರಗೋ ಎಂದು ಮೊದಲೇ ಯಾರೂ ಕೇಳಿರಲಿಲ್ಲ, ಅಷ್ಟೇ.

ಇದರ ಮೇಲೆ ನಮ್ಮ ಎರೆಭೂಮಿ. ನೀರು ಕುಡಿದು ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಗಟ್ಟಿ ನೆಲ ಸಿಗದೆ ಪಾಯಾ ಇನ್ನೆರಡಡಿ ಇಳಿಸಬೇಕಾದರೆ ಆ ಖರ್ಚು ಯಾರದು? ಕಟ್ಟಿದ ಮೇಲೆ ಗೋಡೆ ಬಿರುಕು ಬಿಟ್ಟರೆ ತಪ್ಪು ಯಾರದು? ಬಿರುಕುಗಳೆಲ್ಲ ಒಂದೇ ಅಲ್ಲ. ಕಿಟಕಿಯ ಮೂಲೆಯಿಂದ ಹೊರಟು ಇಟ್ಟಿಗೆಯ ಸಂದಿಗುಂಟ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಬಿರುಕು ಸಾಮಾನ್ಯವಾಗಿ ಪಾಯಾ ಕದಲಿದ್ದರ ಗುರುತು. ಗೋಡೆ ತುಂಬ ಹರಡಿದ ಕೂದಲೆಳೆಯ ಬಿರುಕು ಹೆಚ್ಚಾಗಿ ಗಿಲಾವಿಗೆ ನೀರು ಸಾಲದೆ ಬಂದದ್ದು. ಆ ನೀರು ಹೊಡೆಯುವ ಕೆಲಸ ಗೌಂಡಿಯದೋ ಮನೆಯವರದೋ ಎಂಬುದೂ ಬಾಯಿಮಾತಿನಲ್ಲೇ ಉಳಿದಿರುತ್ತದೆ. ಇನ್ನೊಂದು ಸಂಗತಿ: ಏಪ್ರಿಲ್‌ನಲ್ಲಿ ಬೆರಳು ಹೋಗುವಷ್ಟು ತೆರೆದ ಬಿರುಕು ಆಗಸ್ಟ್‌ನಲ್ಲಿ ಮುಚ್ಚಿಕೊಂಡಂತೆ ಕಾಣಬಹುದು. ಆದ್ದರಿಂದ ಬಿರುಕಿನ ಪಕ್ಕ ಅಳತೆಪಟ್ಟಿ ಇಟ್ಟು, ತಾರೀಖು ಕಾಣುವಂತೆ, ಬೇಸಿಗೆಗೊಮ್ಮೆ ಮಳೆಗಾಲಕ್ಕೊಮ್ಮೆ ಫೋಟೊ ತೆಗೆದಿಡಿ.

ಇಂಥ ತಕರಾರಿನಲ್ಲಿ ವಕೀಲನ ಮೊದಲ ಕೆಲಸ ದಾವೆ ಬರೆಯುವುದಲ್ಲ. ಇಬ್ಬರನ್ನೂ ಒಬ್ಬ ಎಂಜಿನಿಯರ್ ಜೊತೆ ಜಾಗದಲ್ಲಿ ನಿಲ್ಲಿಸಿ, ಆದ ಕೆಲಸ ಅಳೆಸಿ, ಅಳತೆಯ ಹಾಳೆಗೆ ಇಬ್ಬರ ಸಹಿ ಹಾಕಿಸುವುದು. ದಾವೆಗೆ ಹೋದರೂ ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೇ ಆದೇಶದ 9ನೇ ನಿಯಮದಂತೆ ನ್ಯಾಯಾಲಯ ಕಮಿಷನರನ್ನು ಕಳಿಸಿ ಅದನ್ನೇ ಮಾಡಿಸಬಹುದು. ಆದರೆ ಅವರು ಬರುವ ಹೊತ್ತಿಗೆ ಬೇರೆ ಗೌಂಡಿ ಬಂದು ಉಳಿದ ಕೆಲಸ ಮುಗಿಸಿ, ಸಾಕ್ಷಿಯೆಲ್ಲ ಗಿಲಾವಿನಡಿ ಮುಚ್ಚಿಹೋಗಿರುತ್ತದೆ.

ಹೊಸರಿತ್ತಿಯಲ್ಲಿ ಗಾಂಧಿ ಗ್ರಾಮೀಣ ಗುರುಕುಲವಿದೆ. ಆ ಗಾಂಧೀಜಿಯೂ ವಕೀಲರಾಗಿ ಹಣದ ಜಗಳವೊಂದನ್ನು ಕೋರ್ಟಿನ ಹೊರಗೇ ಬಗೆಹರಿಸಿದ್ದರು. ಗಾಂಧೀಜಿ 1893ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದದ್ದು ದಾದಾ ಅಬ್ದುಲ್ಲಾ ಎಂಬ ವ್ಯಾಪಾರಿಯ ದಾವೆಗಾಗಿ. ಎದುರಾಳಿ ತಯ್ಯಬ್ ಸೇಠ್, ದಾದಾ ಅಬ್ದುಲ್ಲಾ ಅವರ ಸಂಬಂಧಿಕರೇ. ಖರ್ಚಿನಲ್ಲಿ ಇಬ್ಬರೂ ಮುಳುಗುತ್ತಾರೆಂದು ಕಂಡ ಗಾಂಧೀಜಿ ಪ್ರಕರಣವನ್ನು ಮಧ್ಯಸ್ಥರ ಮುಂದೆ ತಂದರು. ತೀರ್ಪು ದಾದಾ ಅಬ್ದುಲ್ಲಾ ಕಡೆ ಆಯಿತು. ಸುಮಾರು 37,000 ಪೌಂಡನ್ನು ಒಂದೇ ಸಲ ಕೇಳಿದ್ದರೆ ಸೋತವರು ದಿವಾಳಿಯಾಗುತ್ತಿದ್ದರು. ಗಾಂಧೀಜಿ ತಮ್ಮ ಕಕ್ಷಿದಾರರನ್ನೇ ಒಲಿಸಿ ದೀರ್ಘ ಕಂತು ಮಾಡಿಸಿದರು. ಮಧ್ಯಸ್ಥಿಕೆಗಿಂತ ಈ ಕಂತಿಗೆ ಒಪ್ಪಿಸುವುದೇ ಕಷ್ಟವಾಯಿತೆಂದು ಅವರೇ ಬರೆದಿದ್ದಾರೆ. ಗೌಂಡಿಗೆ ಬಾಕಿ ಕೊಡಲು ನಿಜವಾಗಿಯೂ ಕೈಯಲ್ಲಿ ದುಡ್ಡಿಲ್ಲದ ಮನೆಯವರ ವಿಷಯದಲ್ಲಿ ಇಂದಿಗೂ ನಡೆಯುವ ದಾರಿ ಅದೇ.

ಹಾಗೆಂದು ರಾಜಿಯ ಹೆಸರಿನಲ್ಲಿ ಯಾರೂ ಹಕ್ಕು ಬಿಟ್ಟುಕೊಡಬೇಕಿಲ್ಲ. ಗೌಂಡಿಗಳೇ, ಕಾಗದ ಇಲ್ಲವೆಂದು ಕೈಚೆಲ್ಲಬೇಡಿ. ಪುಕ್ಕಟೆ ಎಂದು ಮಾಡದ ಕೆಲಸದ ಲಾಭವನ್ನು ಇನ್ನೊಬ್ಬರು ಪಡೆದರೆ ಅದಕ್ಕೆ ಹಣ ಸಲ್ಲಬೇಕೆಂದು 1872ರ ಕರಾರು ಕಾಯ್ದೆಯ 70ನೇ ಕಲಮು ಹೇಳುತ್ತದೆ. ಆದರೆ ಕೆಲಸ ಮುಗಿದು ಮೂರು ವರ್ಷ ಕಳೆದರೆ ದಾವೆಯ ಅವಧಿ ಮುಗಿಯುತ್ತದೆ. ಮನೆ ಕಟ್ಟಿಸಿದವರೇ, ಕಟ್ಟಡ ಕೆಲಸವೂ ಒಂದು ಸೇವೆಯೆಂದು ಸುಪ್ರೀಂ ಕೋರ್ಟ್ ಹೇಳಿದೆ. ಕೆಲಸ ಕೆಟ್ಟರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ.

ಸರ್ಕಾರಿ ಕಾಮಗಾರಿ ಹಿಡಿಯುವ ಸಣ್ಣ ಗುತ್ತಿಗೆದಾರರಿಗೂ ಒಂದು ಮಾತು. ಕರಾರು ಮುರಿದವರು ಯಾರೆಂಬುದೇ ವಿವಾದವಾಗಿದ್ದಾಗ, ಕರಾರಿನ ಒಂದು ಪಕ್ಷವೇ ಕೂತು ಅದನ್ನು ತೀರ್ಮಾನಿಸುವಂತಿಲ್ಲ. ತೀರ್ಥಹಳ್ಳಿಯ ಅಕ್ಕಿ ಗಿರಣಿಯೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1987ರಲ್ಲೇ ಕರ್ನಾಟಕ ಸರ್ಕಾರಕ್ಕೆ ಹೀಗೆ ಹೇಳಿತು. ಆದರೆ ಗೆದ್ದರೂ ಕೇಳಿದ್ದೆಲ್ಲ ಸಿಗುವುದಿಲ್ಲ. ಕೃಷ್ಣಾ ಭಾಗ್ಯ ಜಲ ನಿಗಮದ ಪ್ರಕರಣದಲ್ಲಿ ಮಧ್ಯಸ್ಥರು ಕೊಟ್ಟ ಶೇ. 18ರ ಬಡ್ಡಿಯನ್ನು ಅದೇ ನ್ಯಾಯಾಲಯ 2007ರಲ್ಲಿ ಶೇ. 9ಕ್ಕೆ ಇಳಿಸಿತು.

"ಕಾಗದ ಕೇಳಿದರೆ ನಂಬಿಕೆ ಇಲ್ಲವೆಂದು ಮೇಸ್ತ್ರಿ ಬೇಜಾರಾಗ್ತಾನೆ" ಎನ್ನುವವರಿದ್ದಾರೆ. ಆ ಕಾಗದ ಮೇಸ್ತ್ರಿಯ ಕೂಲಿಯನ್ನೂ ಕಾಯುತ್ತದೆ. ಅದನ್ನು ಬರೆಯಲು ವಕೀಲರೇ ಬೇಕಿಲ್ಲ. ಅಳತೆಯ ರೀತಿ, ದರ, ಸಿಮೆಂಟು-ಉಸುಕು ಯಾರದು, ಪಾಯಾದ ಆಳ, ಯಾವ ಹಂತಕ್ಕೆ ಎಷ್ಟು ಹಣ, ಹೆಚ್ಚುವರಿ ಕೆಲಸಕ್ಕೆ ಏನು, ತಕರಾರು ಬಂದರೆ ಮೊದಲು ಯಾರ ಮುಂದೆ ಕೂರುವುದು: ಇಷ್ಟು ಬರೆದು ಇಬ್ಬರೂ ಸಹಿ ಮಾಡಿ ಒಂದೊಂದು ಪ್ರತಿ ಇಟ್ಟುಕೊಂಡರೆ ಸಾಕು.

ಗ್ರಾಮ ಪಂಚಾಯ್ತಿಗಳನ್ನು ನಾವು ಕೇಳುವುದು ಇಷ್ಟೇ: ಮನೆ ಕಟ್ಟಲು ಪರವಾನಗಿ ಕೊಡುವಾಗ ಇಂಥ ಮಾದರಿ ಕರಾರಿನ ಹಾಳೆಯನ್ನೂ ಕೈಗಿಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಪ್ರತಿ ಬೇಸಿಗೆಗೆ ಮುಂಚೆ ಹಳ್ಳಿಗಳಲ್ಲಿ ಕಟ್ಟಡ ತಕರಾರುಗಳಿಗೆಂದೇ ಒಂದು ದಿನದ ಶಿಬಿರ ನಡೆಸಲಿ, ಅಲ್ಲಿ ಒಬ್ಬ ಎಂಜಿನಿಯರೂ ಇರಲಿ. ಈಗಾಗಲೇ ಜಗಳದಲ್ಲಿರುವವರು ಲೋಕ ಅದಾಲತ್ ಕೇಳಿ. ಅಲ್ಲಿ ಇಬ್ಬರೂ ಒಪ್ಪದೆ ಏನೂ ಆಗದು, ಒಪ್ಪಿದರೆ ಕಟ್ಟಿದ ಕೋರ್ಟ್ ಶುಲ್ಕ ವಾಪಸು ಬರುತ್ತದೆ, ಮೇಲ್ಮನವಿ ಇರುವುದಿಲ್ಲ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಕರೆ ಮಾಡಬೇಕಾದ ಸಂಖ್ಯೆ 15100.