ಹಳೆಯ ವ್ಯಾನಿನಲ್ಲಿ ನೇಪಾಳಕ್ಕೆ

ಕಡಗಂಚಿಯಿಂದ ಹಳೆಯ ವ್ಯಾನಿನಲ್ಲಿ ಹೊರಟು, ಕಾಶಿ ಮುಗಿಸಿ, ಹಾಗೆಯೇ ಪಶುಪತಿನಾಥನ ದರ್ಶನಕ್ಕೂ ಹೋಗಬಹುದೇ ಎಂದು ಬಂಧುಗಳು ನಮ್ಮನ್ನು ಕೇಳುವುದುಂಟು. ಹೋಗಬಹುದು, ನೇಪಾಳಕ್ಕೆ ಭಾರತೀಯರಿಗೆ ವೀಸಾ ಬೇಕಿಲ್ಲ. ನಮ್ಮ ಒಂದು ರೂಪಾಯಿಗೆ ಅಲ್ಲಿ 1.60, 1993ರಿಂದಲೂ ಅದೇ ದರ. ಆದರೆ ಸೋನೌಲಿ ಗಡಿಯಲ್ಲಿ ವಾಹನಕ್ಕೆ ದಿನದ ಲೆಕ್ಕದಲ್ಲಿ ‘ಭನ್ಸಾರ್’ ಸುಂಕ ಕಟ್ಟತಕ್ಕದ್ದು. ವ್ಯಾನು ಕೆಟ್ಟು ನಿಂತಷ್ಟು ದಿನವೂ ಅದು ಬೆಳೆಯುತ್ತದೆ!

ಕಠ್ಮಂಡು ಸುಮಾರು 1,400 ಮೀಟರ್ ಎತ್ತರದಲ್ಲಿದೆ. ನಮ್ಮ ಬಯಲುಸೀಮೆಯಲ್ಲಿ ಸುಮ್ಮನಿದ್ದ ರೇಡಿಯೇಟರು ತ್ರಿಶೂಲಿ ನದಿಯ ದಾರಿ ಮುಗಿದು ಘಾಟು ಏರುವಾಗ ಕುದಿಯತೊಡಗುತ್ತದೆ. ಆಗ ಮುಚ್ಚಳ ತೆರೆಯಕೂಡದು. ಎಂಜಿನ್ನು ಆರುವವರೆಗೆ ಕಾಯಲೇಬೇಕು. ಇಳಿಯುವಾಗ ಬ್ರೇಕನ್ನೇ ನಂಬದೆ ಸಣ್ಣ ಗೇರಿನಲ್ಲಿರಬೇಕು.

ಮನೆಯಲ್ಲಿ ಎಪ್ಪತ್ತು ದಾಟಿದವರಿದ್ದರೆ, ವ್ಯಾನನ್ನು ಗಡಿಯ ಈಚೆಗೇ ನಿಲ್ಲಿಸಿ ಬಸ್ಸು ಹಿಡಿಯುವುದೇ ಲೇಸೆಂದು ನಮ್ಮ ಅಭಿಪ್ರಾಯ. ಯುವಕರು ಮುನಿಸಿಕೊಂಡರೆ ಕೊಳ್ಳಲಿ. ಭಕ್ತಪುರದಲ್ಲಿ ಜಂಗಮ ಮಠವಿದೆ. ಅದನ್ನು ಕಾಣದೆ ಮರಳಬೇಡಿ.